ಹಡಗಿನ ಓಲಾಟ: ರಫ್ತುದಾರರೂ ಲೆಕ್ಕ ಹಾಕಬೇಕಾದ ಅಪಾಯ

ಚಾಮರಾಜಪೇಟೆಯ ಊದುಬತ್ತಿ ತಯಾರಕರಿಗೆ ಕಡಲು ದೂರದ ಮಾತು. ಸರಕು ವೈಟ್‌ಫೀಲ್ಡಿನ ಕಂಟೇನರ್ ಡಿಪೋ ಸೇರಿದೊಡನೆ ತಮ್ಮ ಹೊಣೆ ಮುಗಿಯಿತೆಂಬ ಭಾವನೆ ಸಣ್ಣ ರಫ್ತುದಾರರಲ್ಲಿ ಸಾಮಾನ್ಯವಾಗಿದೆ. ಈ ಭಾವನೆ ದುಬಾರಿಯಾಗಬಲ್ಲದು.

2009ರ ಜುಲೈನಲ್ಲಿ ಕಬ್ಬಿಣದ ಅದಿರಿನ ಪುಡಿ ಹೊತ್ತ ‘ಏಷಿಯನ್ ಫಾರೆಸ್ಟ್’ ಹಡಗು ಮಂಗಳೂರಿನ ಬಳಿ ಮುಳುಗಿತು. ತೇವ ಹೆಚ್ಚಿದ ಅದಿರಿನ ಪುಡಿ ಹಡಗಿನ ಕುಲುಕಾಟಕ್ಕೆ ಕೆಸರಿನಂತಾಗಿ ಒಂದು ಬದಿಗೆ ಜಾರುವುದು ಎಲ್ಲರೂ ಬಲ್ಲ ಅಪಾಯ. ಕಂಟೇನರ್ ಸರಕೂ ಇದಕ್ಕೆ ಹೊರತಲ್ಲ. 2020ರ ನವೆಂಬರ್ 30ರಂದು ಪೆಸಿಫಿಕ್ ಸಾಗರದಲ್ಲಿ ತೀವ್ರವಾಗಿ ಓಲಾಡಿದ ‘ಒನ್ ಏಪಸ್’ ಹಡಗು 1,816 ಕಂಟೇನರುಗಳನ್ನು ಕಳೆದುಕೊಂಡಿತು. ಹಡಗು ಉಳಿಯಿತು, ಸರಕು ಹೋಯಿತು.

ಓಲಾಟವು ಕೇವಲ ದೈವೇಚ್ಛೆಯಲ್ಲ. ಹಡಗಿನಷ್ಟೇ ಉದ್ದದ ಅಲೆಗಳು ಅದರ ಸಹಜ ಓಲಾಟದ ಅವಧಿಯ ಸುಮಾರು ಅರ್ಧದಷ್ಟು ಅಂತರದಲ್ಲಿ ಬಂದೆರಗಿದರೆ ಓಲಾಟ ಕ್ಷಣಕ್ಷಣಕ್ಕೂ ಹಿಗ್ಗುತ್ತದೆ. ಇದನ್ನು ಮುಂಚಿತವಾಗಿ ಗಣಿಸಿ ವೇಗವನ್ನೋ ದಿಕ್ಕನ್ನೋ ಬದಲಿಸಲು ಸಾಧ್ಯ. ಆದರೆ ನಷ್ಟವಾದಾಗ ಸಾಗಣೆದಾರರು ‘ಸಮುದ್ರದ ಅಪಾಯ’ ಅಥವಾ ‘ದುರ್ಬಲ ಪ್ಯಾಕಿಂಗ್’ ಎಂಬ ರಕ್ಷಣೆಯನ್ನು ಮುಂದೊಡ್ಡಬಹುದು. 1925ರ ಕಾಯಿದೆಯ ಬದಲಿಗೆ 2025ರಲ್ಲಿ ಅಂಗೀಕೃತವಾದ ಸಮುದ್ರ ಸರಕು ಸಾಗಣೆ ಕಾಯಿದೆಯೂ ಈ ರಕ್ಷಣೆಗಳನ್ನು ಉಳಿಸಿಕೊಂಡಿದೆ. ಆದುದರಿಂದ ಎಚ್ಚರಿಕೆ ಗೋದಾಮಿನಲ್ಲಿಯೇ ಆರಂಭವಾಗಬೇಕು.

ಮೊದಲನೆಯದಾಗಿ, ಕಂಟೇನರ್ ತುಂಬುವ ಬಗೆ. ಅತಿ ಎತ್ತರದ ಅಲೆಗಳಿರುವ ಕಡಲಿನಲ್ಲಿ ಸರಕಿನ ತೂಕದ ಶೇ. 80ರಷ್ಟು ಬಲ ಅಡ್ಡಲಾಗಿ ಬೀಳಬಹುದೆಂದು ಅಂತರರಾಷ್ಟ್ರೀಯ ಪ್ಯಾಕಿಂಗ್ ಸಂಹಿತೆ ಎಣಿಸುತ್ತದೆ. ಲಾರಿಯ ಕುಲುಕಾಟಕ್ಕೆ ಸಾಕಾಗುವ ಕಟ್ಟು ಇಲ್ಲಿ ಸಾಲದು. ಎರಡನೆಯದು, ಬಿಲ್ ಆಫ್ ಲೇಡಿಂಗ್. ಅದರಲ್ಲಿ ಪೆಟ್ಟಿಗೆಗಳ ಸಂಖ್ಯೆ ನಮೂದಾಗಿದ್ದರೆ ಪರಿಹಾರದ ಮಿತಿಯನ್ನು ಪ್ರತಿ ಪೆಟ್ಟಿಗೆಗೂ ಎಣಿಸಬಹುದು. ಕೇವಲ ‘ಒಂದು ಕಂಟೇನರ್’ ಎಂದಿದ್ದರೆ ಇಡೀ ಕಂಟೇನರ್ ಒಂದೇ ಪೆಟ್ಟಿಗೆಯಾಗುತ್ತದೆ. ಮೂರನೆಯದು, ವಿಮೆ. ಸಿಐಎಫ್ ಕರಾರಿಗೆ ಕನಿಷ್ಠವೆಂದು ಕೊಳ್ಳುವ ‘ಸಿ’ ಷರತ್ತಿನ ವಿಮೆಯು ಅಲೆಗೆ ಕೊಚ್ಚಿಹೋದ ಸರಕಿಗೆ ಅನ್ವಯಿಸದು. ‘ಎ’ ಷರತ್ತು ಅನ್ವಯಿಸುತ್ತದೆ. ಆದರೆ ಪ್ಯಾಕಿಂಗ್ ದುರ್ಬಲವಾಗಿದ್ದರೆ ಅದೂ ಕೈಬಿಡುತ್ತದೆ. ಸಾಗಣೆದಾರರ ಮೇಲೆ ದಾವೆ ಹೂಡಲು ಇರುವುದು ಒಂದೇ ವರ್ಷ ಎಂಬುದನ್ನೂ ಮರೆಯುವಂತಿಲ್ಲ.

ದೊಡ್ಡ ಕಂಪನಿಗಳಿಗೆ ಇವನ್ನೆಲ್ಲ ನೋಡಿಕೊಳ್ಳಲು ಪ್ರತ್ಯೇಕ ವಿಭಾಗಗಳಿರುತ್ತವೆ. ಬಸವನಗುಡಿ, ಮಲ್ಲೇಶ್ವರಗಳ ಸಣ್ಣ ಉದ್ಯಮಿಗೆ ಅಂತಹ ಅನುಕೂಲವಿಲ್ಲ. ಒಂದೇ ಕಂಟೇನರಿನ ನಷ್ಟ ವರ್ಷದ ದುಡಿಮೆಯನ್ನೇ ನುಂಗಬಲ್ಲದು. ಆದಕಾರಣ ವಾಣಿಜ್ಯ ಸಂಸ್ಥೆಗಳು ಸಾಮೂಹಿಕವಾಗಿ ಪ್ಯಾಕಿಂಗ್ ತರಬೇತಿ, ಸರ್ವೇಯರ್ ಸೇವೆ ಹಾಗೂ ದಾಖಲೆ ಪರಿಶೀಲನೆಯನ್ನು ಏರ್ಪಡಿಸುವುದು ಅವಶ್ಯ. ಅಲೆಯನ್ನು ತಡೆಯುವುದು ವ್ಯಾಪಾರಿಯ ಕೈಯಲ್ಲಿಲ್ಲ. ಅದರ ಲೆಕ್ಕವನ್ನು ಮೊದಲೇ ಬರೆದಿಡುವುದು ಖಂಡಿತ ಇದೆ.