ಪರೀಕ್ಷೆಗೆ ಕೂರಬೇಕಾದವರು ಮಕ್ಕಳಲ್ಲ, ನಾವು

ಮೂರೂವರೆ ವರ್ಷದ ಬಾಲಕನೊಬ್ಬನನ್ನು ಶಾಲೆಯ ಮೇಜಿನ ಮುಂದೆ ನಿಲ್ಲಿಸಲಾಗಿತ್ತು. ಶಿಕ್ಷಕಿ ಕೆಂಪು ಸೇಬಿನ ಚಿತ್ರಕ್ಕೆ ಬೆರಳಿಟ್ಟು 'ಕಲರ್?' ಎಂದು ಕೇಳಿದರು. ಬಾಲಕ 'ಲಾಲ್' ಎಂದ. ಶಿಕ್ಷಕಿ ಮತ್ತೆ ಕೇಳಿದರು. ಆತ ಮತ್ತೆ, ಈ ಬಾರಿ ತುಸು ಅಳುಕಿನಿಂದ, 'ಲಾಲ್' ಎಂದ. ಮಗು ಇನ್ನೂ ಸಿದ್ಧವಾಗಿಲ್ಲ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂಬ ಉಪದೇಶದೊಂದಿಗೆ ಹೆತ್ತವರನ್ನು ಕಳುಹಿಸಲಾಯಿತು. ಅವರು ತಲೆತಗ್ಗಿಸಿ ಹೊರಬಂದರು. ಬಂದವರೇ ಮಗುವಿಗೆ ಟ್ಯೂಷನ್ ಹುಡುಕಿದರು.

ಆ ಬಾಲಕ ಹೇಳಿದ್ದರಲ್ಲಿ ತಪ್ಪೇನಿತ್ತು? ಆತನಿಗೆ ಬಣ್ಣ ಗೊತ್ತಿತ್ತು, ಪ್ರಶ್ನೆ ಅರ್ಥವಾಗಿತ್ತು, ಅಪರಿಚಿತರ ಮುಂದೆ ಬಾಯಿ ತೆರೆಯುವ ಧೈರ್ಯವೂ ಇತ್ತು. ಇಷ್ಟಿದ್ದೂ ಆತನನ್ನು ಅಸಮರ್ಥನೆಂದು ತೀರ್ಮಾನಿಸಿದ ಶಾಲೆಯ ಬಗ್ಗೆ ನಮಗೆ ಸಿಟ್ಟಿದೆ. ಅದಕ್ಕಿಂತ ಹೆಚ್ಚಿನ ಸಿಟ್ಟು, ಆ ತೀರ್ಮಾನವನ್ನು ಮರುಮಾತಿಲ್ಲದೆ ಒಪ್ಪಿಕೊಂಡ ನಮ್ಮ ಮನೋಭಾವದ ಬಗ್ಗೆ.

ಕೆಜಿಎಫ್ ಮತ್ತು ಬಂಗಾರಪೇಟೆಯ ಮನೆಗಳ ಆತಂಕ ನಮಗೆ ಅರ್ಥವಾಗದೇ ಇಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗೆ ಬೀಗ ಬಿತ್ತು. ಗಣಿಯಲ್ಲಿ ದುಡಿಯದವರ ಅಂಗಡಿ-ವ್ಯಾಪಾರಗಳೂ ಗಣಿಯ ಸಂಬಳವನ್ನೇ ನಂಬಿದ್ದವು. ಅಂದು ಶಾಲೆಯಲ್ಲಿದ್ದ ಮಕ್ಕಳು ಇಂದು ತಂದೆ-ತಾಯಂದಿರಾಗಿದ್ದಾರೆ. ಹಲವರು ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತಿ, ಮಗು ನಿದ್ದೆ ಹೋದ ಬಳಿಕ ಮನೆಗೆ ಮರಳುತ್ತಾರೆ. ತಮಗೆ ದಕ್ಕದ್ದು ಮಗುವಿಗಾದರೂ ದಕ್ಕಲಿ ಎಂಬ ಅವರ ಬಯಕೆಯಲ್ಲಿ ತಪ್ಪಿಲ್ಲ. ಆದರೆ ಮುಚ್ಚಿಹೋದ ಗಣಿಯ ಬಾಕಿಯನ್ನು ಮೂರೂವರೆ ವರ್ಷದ ಮಗುವಿನಿಂದ ವಸೂಲಿ ಮಾಡುವುದು ನ್ಯಾಯವೇ?

ಶಾಲೆಗೆ ಸಿದ್ಧಗೊಳಿಸುವುದೆಂದರೆ ನಮ್ಮಲ್ಲಿ ಹೆಚ್ಚಿನವರ ಪಾಲಿಗೆ ಎಬಿಸಿಡಿಯ ಬಾಯಿಪಾಠ, ನೂರರ ತನಕ ಎಣಿಕೆ, ಹೊಸ ಬ್ಯಾಗು, ಹೊಸ ಶೂ. ಪೆನ್ಸಿಲ್ ಹಿಡಿಯುವಷ್ಟು ಬೆರಳು ಬಲಿಯುವ ಮೊದಲೇ ಸಾಲುಗಟ್ಟಲೆ ಅಕ್ಷರ ತೀಡಿಸುತ್ತೇವೆ. ಹೇಳಿದ ಮಾತು ಕೇಳದಿದ್ದರೆ 'ಶಾಲೆಗೆ ಸೇರಿಸುತ್ತೇನೆ, ಟೀಚರ್ ಹೊಡೆಯುತ್ತಾರೆ ನೋಡು' ಎಂದು ಹೆದರಿಸುತ್ತೇವೆ. ಬಳಿಕ ಮೊದಲ ದಿನ ಆ ಮಗು ಗೇಟಿನ ಬಳಿ ಕಿರುಚಿ ಅತ್ತರೆ ಅಚ್ಚರಿಪಡುತ್ತೇವೆ. ಶಾಲೆಯನ್ನು ಜೈಲೆಂದು ಪರಿಚಯಿಸಿದವರು ನಾವೇ ಅಲ್ಲವೇ?

ನಿಜವಾದ ಸಿದ್ಧತೆಗೆ ಹಣ ಬೇಕಿಲ್ಲ. ರಾತ್ರಿ ಬೇಗ ಮಲಗಿ ಬೆಳಿಗ್ಗೆ ತಾನಾಗಿ ಏಳುವ ರೂಢಿ, ಡಬ್ಬಿ ತೆರೆದು ತಾನೇ ಉಣ್ಣುವ ರೂಢಿ, ಶೌಚಕ್ಕೆ ಹೋಗಬೇಕೆಂದು ನಾಚದೆ ಹೇಳುವ ರೂಢಿ, ತನ್ನ ಮತ್ತು ತಂದೆ-ತಾಯಿಯ ಹೆಸರು ಹೇಳಬಲ್ಲಷ್ಟು ತಿಳಿವು ಮಗುವಿಗಿರಬೇಕು. ತಾಯಿ ಕಣ್ಮರೆಯಾದರೂ ಮರಳಿ ಬರುತ್ತಾಳೆಂಬ ಭರವಸೆ ಇರಬೇಕು. ಈ ಭರವಸೆ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ನಾನಿಯ ಮನೆಯಲ್ಲಿ ಒಂದು ತಾಸು, ನೆರೆಮನೆಯಲ್ಲಿ ಅರ್ಧ ದಿನ ಬಿಟ್ಟು, ಹೇಳಿದ ಹೊತ್ತಿಗೆ ಸರಿಯಾಗಿ ಮರಳಿ ಬಂದು ಅದನ್ನು ಬೆಳೆಸಬೇಕು. ಕಣ್ತಪ್ಪಿಸಿ ಓಡಿಹೋಗುವ ತಾಯಿ ಮಗುವಿನ ನಂಬಿಕೆಯನ್ನೇ ಕೆಡಿಸುತ್ತಾಳೆ.

ಎಲ್ಲಕ್ಕಿಂತ ಮುಖ್ಯವಾದುದು ಮಾತು. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ತಮಿಳು-ತೆಲುಗು, ಕಚೇರಿಯಲ್ಲಿ ಕನ್ನಡ. ನಮ್ಮ ಊರಿನ ಮಗು ಇವೆಲ್ಲವನ್ನೂ ಕೇಳುತ್ತಾ ಬೆಳೆಯುತ್ತದೆ. ಇದು ಕೊರತೆಯಲ್ಲ, ಸಂಪತ್ತು. ದಾದಿ ಹೇಳುವ ಕತೆಯಲ್ಲಿ ಮಗು ಕೇಳುವುದನ್ನು, ನೆನಪಿಡುವುದನ್ನು, 'ಮುಂದೇನಾಯಿತು' ಎಂದು ಪ್ರಶ್ನಿಸುವುದನ್ನು ಕಲಿಯುತ್ತದೆ. ಆ ಬಾಯಿಯನ್ನು ಮುಚ್ಚಿಸಿ, ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ನಾಲ್ಕು ಆಜ್ಞೆ ಹೊರಡಿಸುವ ಮನೆಯಲ್ಲಿ ಮಗುವಿಗೆ ಇಂಗ್ಲಿಷೂ ಬಾರದು, ಮಾತೂ ಬಾರದು. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಮನೆಮಾತಿನ ಬುಡ ಗಟ್ಟಿಯಿದ್ದರೆ ಅದು ಶಾಲೆಯಲ್ಲಿ ತಾನಾಗಿ ಚಿಗುರುತ್ತದೆ.

ಇನ್ನು ಸರಕಾರದ ವಿಚಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯು ದಾಖಲಾತಿಗೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸುವುದನ್ನು ನಿಷೇಧಿಸಿದೆ. ಮೊದಲ ಉಲ್ಲಂಘನೆಗೆ 25,000 ರೂಪಾಯಿಯ ವರೆಗೆ, ಬಳಿಕದ ಪ್ರತಿ ಉಲ್ಲಂಘನೆಗೆ 50,000 ರೂಪಾಯಿಯ ವರೆಗೆ ದಂಡವಿದೆ. ಆದರೆ ಆ ಕಾಯ್ದೆಯ ಪ್ರಕಾರ 'ಮಗು' ಎಂದರೆ 6ರಿಂದ 14 ವರ್ಷದವರು. ಸಂದರ್ಶನ ನಡೆಯುವುದೋ ಎಲ್‌ಕೆಜಿಯ ಬಾಗಿಲಲ್ಲಿ! ಆರರೊಳಗಿನ ಮಗುವಿನ ಶಿಕ್ಷಣವನ್ನು ಸಂವಿಧಾನದ 86ನೇ ತಿದ್ದುಪಡಿಯು 2002ರಲ್ಲಿ ಸರಕಾರದ 'ಪ್ರಯತ್ನ'ಕ್ಕೆ ಬಿಟ್ಟಿತು. ಅತ್ಯಂತ ಎಳೆಯ ಮಗುವಿಗೇ ಅತ್ಯಂತ ದುರ್ಬಲ ರಕ್ಷಣೆ ಎಂದರೆ ಇದೆಂಥ ನ್ಯಾಯ?

ಸರಕಾರವನ್ನು ದೂರುವ ನಾವಾದರೂ ಪ್ರಾಮಾಣಿಕರೇ? ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ಆದೇಶವನ್ನು ಕರ್ನಾಟಕ ಸರಕಾರ 2022ರಲ್ಲಿ ಹೊರಡಿಸಿತು. ಜಾರಿಯ ಹೊತ್ತಿಗೆ, 2025ರ ಎಪ್ರಿಲ್‌ನಲ್ಲಿ, ಅದನ್ನು 2025-26ರ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಸಡಿಲಿಕೆಗಾಗಿ ಒತ್ತಾಯಿಸಿದವರು ಹೆತ್ತವರೇ. ಇನ್ನು ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸಮುದಾಯದ ಚಂದಾದಿಂದ ಎದ್ದ ಶಾಲೆಯೊಂದು ಈ ವಿನಾಯಿತಿಯ ಮರೆಯಲ್ಲಿ ಅದೇ ಸಮುದಾಯದ ಬಡ ಮಗುವನ್ನು ಜರಡಿ ಹಿಡಿದರೆ ಅದನ್ನು ಹಕ್ಕು ಎನ್ನೋಣವೇ, ಲಜ್ಜೆಗೇಡಿತನ ಎನ್ನೋಣವೇ?

ನಮ್ಮ ಹಿರಿಯರಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾಹ್ ಮಾಡಿಸುವ ರೂಢಿಯಿತ್ತು. ಇದು ಧರ್ಮದ ಕಡ್ಡಾಯವೇನಲ್ಲ. ಆದರೆ ಅದಕ್ಕೆ ಮುನ್ನ ಅಕ್ಷರಕ್ಕೆ ಕೂರಿಸುವ ಆತುರ ಬೇಡವೆಂಬ ವಿವೇಕ ಅದರಲ್ಲಿತ್ತು. ಇಂದು ಆ ವಿವೇಕ ಹೋಗಿ, ಶಾಮಿಯಾನ ಮತ್ತು ಬಿರಿಯಾನಿ ಉಳಿದಿವೆ. ಒಂದು ಹೊತ್ತಿನ ಔತಣಕ್ಕೆ ಸಾಲ ಮಾಡುವ ತಂದೆಗೆ, ಮಗುವನ್ನು ಮೊದಲ ದಿನ ಕೈಹಿಡಿದು ಶಾಲೆಗೆ ಕರೆದೊಯ್ಯಲು ಒಂದು ದಿನದ ರಜೆ ಸಿಗುವುದಿಲ್ಲವೆಂದರೆ ನಂಬುವುದು ಹೇಗೆ?

ಮಸೀದಿ ಕಮಿಟಿಗಳಿಗೂ ನಮ್ಮದೊಂದು ಮಾತಿದೆ. ವರ್ಷಕ್ಕೊಮ್ಮೆ, ದಾಖಲಾತಿಗೆ ಮುನ್ನ, ಮೊಹಲ್ಲಾದ ತಾಯಂದಿರನ್ನು ಕರೆದು ಅನುಭವಿ ಶಿಕ್ಷಕಿಯರಿಂದ ಒಂದು ಗಂಟೆ ಮಾತಾಡಿಸಿ. ಜನನ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದ್ದರೆ ತಿದ್ದಿಸಲು ನೆರವಾಗಿ. ಅಂಗನವಾಡಿ ಬಡವರಿಗೆ ಮಾತ್ರ ಎಂಬ ಬಿಂಕ ಬಿಡಿಸಿ. ಅದು 3ರಿಂದ 6 ವರ್ಷದ ಮಕ್ಕಳಿಗೆ ಆಟದೊಂದಿಗೆ ಕಲಿಕೆ ನೀಡಲೆಂದೇ ಇರುವ ವ್ಯವಸ್ಥೆ. ಅಲ್ಲಿ ಕೊರತೆಯಿದ್ದರೆ ಪ್ರಶ್ನಿಸಲು ನಮ್ಮ ಮಕ್ಕಳು ಮೊದಲು ಅಲ್ಲಿರಬೇಕು.

ಆ ಬಾಲಕ ಸರಿಯಾಗಿಯೇ ಉತ್ತರಿಸಿದ್ದ. ಉತ್ತರ ಕೊಡಬೇಕಾದ ಸರದಿ ಈಗ ನಮ್ಮದು.