ಬಿಜೈ ದಾಟಿ ಬೆಂಗಳೂರಿಗೆ

ಕಳೆದ ಶನಿವಾರ, ಭಾನುವಾರ ನಾವು ನಾಲ್ವರು ಗೆಳೆಯರು ಬೆಂಗಳೂರಿನ ಮ್ಯೂಸಿಯಂಗಳನ್ನು ಸುತ್ತಿದೆವು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರದ್ದು. ಅಲ್ಲಿ ಆತಕೂರಿನ ಕಲ್ಲಿನ ಮುಂದೆ ನಿಂತಾಗ ಯಾರಿಗೂ ಮಾತು ಬರಲಿಲ್ಲ. ಹಂದಿಯೊಡನೆ ಕಾದಾಡಿ ತಾನೂ ಸತ್ತ ಕಾಳಿ ಎಂಬ ನಾಯಿಗಾಗಿ ಕ್ರಿ.ಶ. 949ರ ಸುಮಾರಿಗೆ ನಿಲ್ಲಿಸಿದ ಕಲ್ಲು ಅದು. ತಕ್ಕೋಲದ ಯುದ್ಧದ ಸಂಗತಿಯೂ ಅದರಲ್ಲೇ ಇದೆ. ರಾಜರ ಜಯದ ಪಕ್ಕದಲ್ಲಿ ನಾಯಿಯ ಸಾವು!

ಹೊರಗೆ ಚಹಾ ಕುಡಿಯುವಾಗ ಒಬ್ಬ ಎಂದಿನ ರಾಗ ತೆಗೆದ: "ನಮ್ಮ ಮಂಗಳೂರಲ್ಲಿ ಇಂಥದ್ದೆಲ್ಲ ಎಲ್ಲುಂಟು ಮಾರಾಯ?" ಉಳಿದವರು ಹೂಂಗುಟ್ಟಿದೆವು.

ಆ ಹೂಂಗುಟ್ಟಿದ್ದರ ಮೇಲೇ ನನ್ನ ಸಿಟ್ಟು. ನಾವು ಶುಕ್ರವಾರ ರಾತ್ರಿ ಬಸ್ಸು ಹತ್ತಿದ್ದು ಬಿಜೈಯ ಕೆಎಸ್ಸಾರ್ಟಿಸಿ ನಿಲ್ದಾಣದಲ್ಲಿ. ಅದೇ ಬಿಜೈಯಲ್ಲಿ 1960ರಿಂದ ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕರ್ನಲ್ ಮಿರಾಜ್ಕರ್ ತಾಯಿಯ ನೆನಪಿಗೆ ಕೊಟ್ಟ, ಹಡಗಿನ ಆಕಾರದ ಮನೆ. ಸಂತ ಅಲೋಶಿಯಸ್ ಕಾಲೇಜಿನ ಮ್ಯೂಸಿಯಂ 1913ರಷ್ಟು ಹಳೆಯದು. ನಾಲ್ವರಲ್ಲಿ ಒಬ್ಬನೂ ಎರಡಕ್ಕೂ ಕಾಲಿಟ್ಟವನಲ್ಲ. ನಾನೂ ಅಷ್ಟೇ.

"ಸರ್ಕಾರ ಪ್ರಚಾರ ಮಾಡುವುದಿಲ್ಲ" ಎಂಬ ಸಬೂಬು ಬೇಡ. ಆತಕೂರಿನ ಕಲ್ಲನ್ನು ನಾವು ಯಾವ ಜಾಹೀರಾತು ನೋಡಿ ಹುಡುಕಿಕೊಂಡು ಹೋದದ್ದು? ನೋಡದೆಯೇ "ಅಲ್ಲೇನೂ ಇಲ್ಲ" ಎಂದು ತೀರ್ಪು ಕೊಡುವವರು ನಾವು. ಗೋಷ್ಠಿಗಳಲ್ಲಿ ಪರಂಪರೆ ಹೋಯಿತೆಂದು ಗೋಳಾಡುವವರೂ ನಾವೇ. ಊರಿನವರೇ ಹೋಗದ ಮ್ಯೂಸಿಯಂಗೆ ಸಿಬ್ಬಂದಿ ಕೊಡಿ, ಸೂರು ರಿಪೇರಿ ಮಾಡಿ ಎಂದು ಕೇಳುವವರು ಯಾರು? ನಾಳೆ ಅದು ಮುಚ್ಚಿದರೆ ಫೇಸ್‌ಬುಕ್ಕಿನಲ್ಲಿ ಕಣ್ಣೀರು ಹಾಕಲು ಮಾತ್ರ ಸಾಲು ನಿಂತೇವು.

ಸೋಮವಾರ ಬೆಳಿಗ್ಗೆ ಬಸ್ಸು ಬಿಜೈಯಲ್ಲೇ ಇಳಿಸಿತು. ನಾಲ್ವರೂ ರಿಕ್ಷಾ ಹಿಡಿದು ಮನೆಗೆ ಹೋದೆವು.