ಮನೆಯ ಸರ್ವರ್ ಬೇಡವೆನ್ನುವವರಿಗೆ

ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿಗೆ ಎರಡು ಹಾರ್ಡ್ ಡಿಸ್ಕ್ ಸೇರಿಸಿ ಮನೆಯಲ್ಲೇ ಒಂದು ಸರ್ವರ್ ಮಾಡಿಕೊಳ್ಳಿ. ಫೋಟೊಗಳು, ಕ್ರಯಪತ್ರ, ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿಗಳೆಲ್ಲ ಅದರಲ್ಲಿರಲಿ. ಹೀಗೆಂದ ಕೂಡಲೇ ಕೇಳಿಬರುವ ಆಕ್ಷೇಪಗಳು ಐದು. ಎಲ್ಲವೂ ಜೊಳ್ಳಲ್ಲ, ಎಲ್ಲವೂ ಗಟ್ಟಿಯೂ ಅಲ್ಲ.

1. ‘ಕ್ಲೌಡ್ ಇರುವಾಗ ಈ ಉಸಾಬರಿ ಏಕೆ?’

ಕ್ಲೌಡ್ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದೊಂದೇ ಸಾಕು ಎಂಬ ಮಾತಿಗೆ ನನ್ನ ತಕರಾರು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಚಿತ್ರಗಳನ್ನು ಪುಕ್ಕಟೆ ಇಡುವ ಸವಲತ್ತು 2021ರ ಜೂನ್ 1ಕ್ಕೆ ಮುಗಿಯಿತು. ಅಲ್ಲಿಂದ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ 15 ಜಿಬಿ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವುದು 2023ರ ಡಿಸೆಂಬರಿನಿಂದ ಶುರುವಾಯಿತು. ತೀರಿಹೋದ ಅಪ್ಪನ ಖಾತೆಯಲ್ಲಿ ಉಳಿದ ಚಿತ್ರಗಳ ಗತಿಯೇನು? ನಿಯಮ ಬದಲಿಸುವುದು ಕಂಪನಿಯ ಹಕ್ಕು, ಸರಿ. ಹಾಗಿದ್ದ ಮೇಲೆ ಆ ನಿಯಮಕ್ಕೆ ಸಿಗದ ಒಂದು ಪ್ರತಿಯನ್ನು ನಾವೂ ಇಟ್ಟುಕೊಂಡಿರಬೇಕು.

2. ‘ಒಂದು ಎಕ್ಸ್‌ಟರ್ನಲ್ ಡಿಸ್ಕ್ ಸಾಲದೇ?’

ತಪ್ಪದೆ ಜೋಡಿಸಿ ಕಾಪಿ ಮಾಡುವವರಿಗೆ ಸಾಕು. ಬೀರುವಿನಲ್ಲಿರುವ ನಿಮ್ಮ ಡಿಸ್ಕನ್ನು ಒಮ್ಮೆ ತೆರೆದು, ಅದರ ಕೊನೆಯ ಫೋಲ್ಡರ್ ಯಾವ ವರ್ಷದ್ದೆಂದು ನೋಡಿ. ಸರ್ವರಿನ ಹೆಚ್ಚುಗಾರಿಕೆ ನಾವು ಮರೆತರೂ ಅದು ಮರೆಯದಿರುವುದರಲ್ಲಿದೆ. ಇಮ್ಮಿಚ್ ಎಂಬ ಫೋಟೊ ಆ್ಯಪ್ ಹಾಕಿಕೊಂಡ ಫೋನು ಮನೆಯ ವೈಫೈಗೆ ಸಿಕ್ಕಾಗ ಹೊಸ ಚಿತ್ರಗಳು ತಾವಾಗಿ ಸರ್ವರಿಗೆ ಹೋಗುತ್ತವೆ. ರಾತ್ರಿ ಎರಡು ಗಂಟೆಗೆ ಕ್ರಾನ್ ಎಂಬ ವೇಳಾಪಾಲಕ ಪ್ರೋಗ್ರಾಮ್, ಬ್ಯಾಕಪ್ ತಂತ್ರಾಂಶವಾದ ರೆಸ್ಟಿಕ್‌ ಅನ್ನು ಓಡಿಸಿ, ಆ ದಿನ ಬದಲಾದದ್ದನ್ನಷ್ಟೇ ಎರಡನೆಯ ಡಿಸ್ಕಿಗೆ ಸೇರಿಸುತ್ತದೆ. ಮೊನ್ನೆಯ ಪ್ರತಿಯೂ ಉಳಿದಿರುತ್ತದೆ. ಇದರ ಬದಲು, ಬರೆದದ್ದೆಲ್ಲ ಎರಡರಲ್ಲೂ ಒಟ್ಟಿಗೇ ಮೂಡುವಂತೆ ಎರಡು ಡಿಸ್ಕುಗಳನ್ನು ರೇಡ್‌ನಲ್ಲಿ ಜೋಡಿಸಿ ನಿಶ್ಚಿಂತೆಯಿಂದ ಕೂರುವವರಿದ್ದಾರೆ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕೈಹಿಡಿಯುತ್ತದೆ. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಸಿಹಾಕುತ್ತದೆ.

3. ‘ಕರೆಂಟ್ ಬಿಲ್ ಏರುತ್ತದೆ, ಕರೆಂಟ್ ಹೋದರೆ ಕೆಡುತ್ತದೆ’

ಪರದೆ ಆರಿಸಿಟ್ಟ ಲ್ಯಾಪ್‌ಟಾಪ್ ಡಿಸ್ಕುಗಳೂ ಸೇರಿ 15 ವ್ಯಾಟ್ ಎಳೆಯುತ್ತದೆಂದರೆ ತಿಂಗಳಿಗೆ ಸುಮಾರು 11 ಯೂನಿಟ್. 75 ವ್ಯಾಟಿನ ಹಳೇ ಫ್ಯಾನು ದಿನಕ್ಕೆ ಐದು ಗಂಟೆ ತಿರುಗಿದರೂ ಅಷ್ಟೇ. ಕರೆಂಟ್ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ಆದರೆ ಡಿಸ್ಕುಗಳು ಯುಎಸ್‌ಬಿಯಿಂದಲೇ ಓಡುವ ಎರಡೂವರೆ ಇಂಚಿನವಾಗಿರಲಿ. ಪ್ರತ್ಯೇಕ ಅಡಾಪ್ಟರಿನ ದೊಡ್ಡ ಡಿಸ್ಕು ಕರೆಂಟ್ ಹೋದ ಕ್ಷಣವೇ ನಿಂತುಬಿಡುತ್ತದೆ.

4. ‘ಹ್ಯಾಕರುಗಳಿಗೆ ಬಾಗಿಲು ತೆರೆದಿಟ್ಟಂತೆ’

ಈ ಭಯಕ್ಕೆ ಆಧಾರವಿದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್, ಇಂಟರ್‌ನೆಟ್ಟಿಗೆ ನೇರ ತೆರೆದುಕೊಂಡಿದ್ದ ಕ್ಯುನ್ಯಾಪ್ ಸ್ಟೋರೇಜ್ ಪೆಟ್ಟಿಗೆಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಜಡಿದು, 0.03 ಬಿಟ್‌ಕಾಯಿನ್ ಕೇಳಿತು. ‘ನೇರ ತೆರೆದುಕೊಂಡಿದ್ದ’ ಎಂಬುದನ್ನು ಗಮನಿಸಿ. ರೂಟರಿನಲ್ಲಿ ಪೋರ್ಟ್ ತೆರೆಯಬೇಡಿ. ಹೊರಗಿನಿಂದ ಫೈಲು ಬೇಕಾದಾಗ ಗೂಢಲಿಪಿಯ ಖಾಸಗಿ ದಾರಿ (ವಿಪಿಎನ್) ಒದಗಿಸುವ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಮೂಲಕ ಬನ್ನಿ. ಇಷ್ಟಕ್ಕೆ ಹೆದರಿ ಸರ್ವರೇ ಬೇಡವೆನ್ನುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

5. ‘ಮನೆಗೇ ಬೆಂಕಿ ಬಿದ್ದರೆ, ನೀರು ನುಗ್ಗಿದರೆ?’

ಐದರಲ್ಲಿ ಅತಿ ಗಟ್ಟಿಯಾದದ್ದು ಇದು. ಆದರೆ ಇದು ಮನೆಗಷ್ಟೇ ಅನ್ವಯಿಸುವ ಮಾತಲ್ಲ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದು, ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಸುಟ್ಟುಹೋಯಿತು. ಹೊರಗೆ ಪ್ರತಿ ಇರಲಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರ ಇರುವುದೇ ಇದಕ್ಕೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಆ ಒಂದು ಪ್ರತಿ ತಂಗಿಯ ಮನೆಗೋ ಕ್ಲೌಡಿಗೋ ಹೋಗಲಿ. ರೆಸ್ಟಿಕ್ ಗೂಢಲಿಪಿ ಮಾಡಿಯೇ ಕಳಿಸುವುದರಿಂದ ಅಲ್ಲಿಯವರು ಓದಲಾರರು. ಆ ಪಾಸ್‌ವರ್ಡ್ ಕಳೆದರೆ ನೀವೂ ಓದಲಾರಿರಿ, ಕಾಗದದಲ್ಲಿ ಬರೆದಿಡಿ. ಸೆಕೆಂಡಿಗೆ 40 ಮೆಗಾಬಿಟ್ ಅಪ್‌ಲೋಡ್ ಇದ್ದರೆ ಮೊದಲ ಸಲ 500 ಜಿಬಿ ಕಳಿಸಲು ಹೆಚ್ಚುಕಡಿಮೆ 28 ಗಂಟೆ ಹಿಡಿಯುತ್ತದೆ. ಆಮೇಲೆ ದಿನದ ಹೊಸ ಫೈಲುಗಳಷ್ಟೇ.

ಇಷ್ಟಾದ ಮೇಲೂ ‘ಇದು ಸಾಫ್ಟ್‌ವೇರಿನವರಿಗೆ ಸರಿ’ ಎನ್ನುವವರಿದ್ದಾರೆ. ಸಾಫ್ಟ್‌ವೇರಿನವರೇ ಎಡವಿದ್ದಾರೆ. 2017ರ ಜನವರಿ 31ರಂದು, ತಂತ್ರಾಂಶ ಅಭಿವೃದ್ಧಿ ವೇದಿಕೆಯಾದ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸನ್ನು ಅಳಿಸಿದಾಗ, ನಿತ್ಯವೂ ಆಗುತ್ತಿದೆಯೆಂದು ನಂಬಿದ್ದ ಬ್ಯಾಕಪ್ ಆಗಿಯೇ ಇರಲಿಲ್ಲ ಎಂಬುದು ಹೊರಬಿತ್ತು. ಬೇಕಾದದ್ದು ಪದವಿಯಲ್ಲ, ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೈಲನ್ನು ಬ್ಯಾಕಪ್ಪಿನಿಂದ ಹೊರತೆಗೆದು ತೆರೆದು ನೋಡುವ ಅಭ್ಯಾಸ. ಅಷ್ಟನ್ನು ಮಾಡುವವರು ಮನೆಯಲ್ಲಿ ಯಾರೂ ಇಲ್ಲವೆಂದಾದರೆ ದುಡ್ಡು ಕೊಟ್ಟು ಕ್ಲೌಡನ್ನೇ ಇಟ್ಟುಕೊಳ್ಳಿ, ಜೊತೆಗೊಂದು ಡಿಸ್ಕ್ ಇರಲಿ. ಆ ಒಂದು ಕಾರಣವನ್ನು ನಾನು ಒಪ್ಪುತ್ತೇನೆ, ಉಳಿದ ಐದನ್ನಲ್ಲ.